ಬಡಾವಣೆ

ಊರಿನ ಅಂಚಿನಲ್ಲಿ ರಸ್ತೆ ಎಳೆದು, ಚರಂಡಿ ತೋಡಿ, ಅಳತೆಯ ನಿವೇಶನಗಳನ್ನಾಗಿ ಹಂಚಿದ ನೆಲಕ್ಕೆ ಬಡಾವಣೆ ಎಂದು ಹೆಸರು. ಹೆಚ್ಚಿಸು, ಬೆಳೆಸು ಎಂಬರ್ಥದ ಹಿಂದೂಸ್ತಾನಿ ಧಾತುವಿನಿಂದ ಬಂದ ಪದವಿದು. ನೌಕರರ ಬಡ್ತಿಯೂ ಅದೇ ಕುಟುಂಬದ್ದು. ಬದಲಾವಣೆ, ಚಲಾವಣೆ, ಜಮಾವಣೆಗಳ ಸಾಲಿಗೆ ಸೇರಿಕೊಂಡು ಈಗ ಹೊರಗಿನದೆಂಬ ಗುರುತೇ ಉಳಿದಿಲ್ಲ.

ಕೇರಿ, ಓಣಿ, ಪೇಟೆ, ಅಗ್ರಹಾರ, ಮೊಹಲ್ಲಾ: ಜನವಸತಿಗೆ ಕನ್ನಡದಲ್ಲಿ ಪದಗಳಿಗೇನೂ ಬರವಿರಲಿಲ್ಲ. ಆದರೆ ಗಾಣಿಗರಪೇಟೆ, ತಿಗಳರಪೇಟೆಗಳಂತೆ ಎಷ್ಟೋ ಹೆಸರುಗಳು ಅಲ್ಲಿದ್ದವರ ಜಾತಿಯನ್ನೋ ಕಸುಬನ್ನೋ ಮೊದಲು ಹೇಳಿಬಿಡುತ್ತಿದ್ದವು. ಬಡಾವಣೆ ಹೇಳುವುದು ಊರು ಬೆಳೆದದ್ದನ್ನು ಮಾತ್ರ. ಪದಕ್ಕೆ ಇಲ್ಲದ ಜಾತಿ ನೆಲಕ್ಕೂ ಇರಲಿಲ್ಲವೆಂದಲ್ಲ; ಬೆಂಗಳೂರಿನ ಮೊದಲ ಬಡಾವಣೆಗಳಲ್ಲಿ ನಿವೇಶನ ಹಂಚುವಾಗ ಆ ಲೆಕ್ಕ ನಡೆದೇ ಇತ್ತು.

1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಮನೆಗಳನ್ನು ಕಂಗೆಡಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಗಾಳಿ, ಬೆಳಕು, ಮನೆಯ ಸುತ್ತ ಖಾಲಿ ಜಾಗ ಆಗ ಆರೋಗ್ಯದ ಪ್ರಶ್ನೆಯಾಗಿದ್ದವು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರ ಅದನ್ನೇ ದೊಡ್ಡದಾಗಿ ಮಾಡಿ ತೋರಿಸಿತು. ಬಡಾವಣೆಯ ಮನೆಗೊಂದು ರೂಪ ಬಂದದ್ದೂ ಹೀಗೆ: ಕಾಂಪೌಂಡು, ಗೇಟು, ತೆಂಗಿನ ಮರ, ಹಿಂದೆ ಬಟ್ಟೆ ಒಗೆಯುವ ಕಲ್ಲು, ನೆಲದಡಿ ಸಂಪು, ಸಾಲ ತೀರಿದ ಮೇಲೆ ಬಾಡಿಗೆಗೆಂದು ಕಟ್ಟಿಸಿದ ಮೇಲ್ಮಹಡಿ. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ಸೈಟು, ಅಂದರೆ ಜನರ ಬಾಯಲ್ಲಿ ‘ಥರ್ಟಿ ಫಾರ್ಟಿ’, ಮಧ್ಯಮವರ್ಗದ ಇಡೀ ಆಯುಷ್ಯದ ಗುರಿಯಾಯಿತು. ಈ 1,200 ಚದರಡಿಗಾಗಿ ಜನ ಪಟ್ಟ ಪಾಡಿನ ಮುಂದೆ ನಗರದ ಇತಿಹಾಸದ ಬೇರೆ ಸಂಗತಿಗಳು ಸಣ್ಣವೆನಿಸುತ್ತವೆ.

ಮಾತಿನಲ್ಲಿ ಹಳಬರು ಎಕ್ಸ್‌ಟೆನ್ಷನ್ ಎಂದರು, ಈಗಿನವರು ಲೇಔಟ್ ಎನ್ನುತ್ತಾರೆ. ಬಡಾವಣೆ ಹೆಚ್ಚಾಗಿ ಉಳಿದಿರುವುದು ಪತ್ರಿಕೆ, ಫಲಕ, ಸರ್ಕಾರಿ ಆದೇಶಗಳಲ್ಲಿ. ದಾವಣಗೆರೆ, ಹಾಸನಗಳಲ್ಲಿ ಮಾತ್ರ ಅದಕ್ಕೊಂದು ಗಟ್ಟಿ ಪಟ್ಟ ಸಿಕ್ಕಿದೆ; ಅಲ್ಲಿನ ಒಂದೊಂದು ಪೊಲೀಸ್ ಠಾಣೆಯ ಹೆಸರೇ ‘ಬಡಾವಣೆ ಠಾಣೆ’. ಮುಂದೆ ಇನ್ನೊಂದು ಹೆಸರು ಸೇರಿಸುವ ಅಗತ್ಯವೇ ಇಲ್ಲ. ಇನ್ನು ‘ಹಳೆ ಬಡಾವಣೆ’ ಎಂಬ ಬಳಕೆ ನೋಡಬೇಕು. ಹೊಸದಾಗಿ ಸೇರಿದ್ದೆಂಬ ಅರ್ಥ ಪೂರ್ತಿ ಸವೆದುಹೋಗಿ, ಮನೆಗಳ ನೆರೆಹೊರೆ ಎಂಬ ಅರ್ಥವೊಂದೇ ಅಲ್ಲಿ ನಿಂತಿದೆ.

ಈ ಪದ ಎಂದೂ ಹೇಳದ ಸಂಗತಿಯೂ ಒಂದಿದೆ. ಬೆಳೆದ ಊರನ್ನು ಅದು ಹೇಳುತ್ತದೆ, ಒಳಗೆ ಸೇರಿಹೋದ ಹಳ್ಳಿಯನ್ನಲ್ಲ. ಬೆಂಗಳೂರಿನಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಬಿಟಿಎಂ ಎಂಬ ಮೂರಕ್ಷರಕ್ಕೆ ಇಳಿದಿವೆ. ಮೇನು, ಕ್ರಾಸುಗಳ ನೇರ ಗೆರೆಗಳ ನಡುವೆ ದಾರಿ ಎಲ್ಲಾದರೂ ಸೊಟ್ಟಗಾಗಿ, ದನದ ಕೊಟ್ಟಿಗೆಯೊಂದು, ಗ್ರಾಮದೇವತೆಯ ಗುಡಿಯೊಂದು ಕಂಡರೆ ಅಲ್ಲಿ ಹಿಂದಿನ ಗ್ರಾಮಠಾಣೆ, ಅಂದರೆ ಹಳ್ಳಿಯ ಮನೆಗಳಿದ್ದ ಜಾಗ, ಇತ್ತೆಂದು ಊಹಿಸಬಹುದು. ಬಡಾವಣೆಯ ಹೆಸರು ಏನೇ ಇರಲಿ, ರೆವಿನ್ಯೂ ಸೈಟಿನ ಕ್ರಯಪತ್ರದಲ್ಲಿ ಆ ಹಳ್ಳಿ ಸರ್ವೆ ನಂಬರು, ಹೋಬಳಿ, ತಾಲ್ಲೂಕುಗಳ ಸಮೇತ ಇನ್ನೂ ದಾಖಲಾಗುತ್ತದೆ.