ಶ್ರೀ ಎಸ್.ವಿ. ಸುನಿಲ್ : ಹಾಕಿ ಕ್ರೀಡಾ ಜೀವನ ಮತ್ತು ಸಾಧನೆಗಳು

ಪೀಠಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲ್ಲೂಕು ಕೊಡಗು ಜಿಲ್ಲೆಯ ಗಡಿಗೆ ಹೊಂದಿಕೊಂಡಿದೆ. ಮರ್ಕಂಜ ಮೊದಲಾದ ಗ್ರಾಮಗಳಿಂದ ಸುಳ್ಯದ ಮೂಲಕ ಸಂಪಾಜೆ ಘಾಟಿಯನ್ನೇರಿದರೆ ಮಡಿಕೇರಿ ದೊರೆಯುತ್ತದೆ. ಘಾಟಿಯ ಕೆಳಗೆ ಕಬಡ್ಡಿ ಹಾಗೂ ವಾಲಿಬಾಲ್ ಆಟಗಳು ಹೇಗೆ ಜನಪ್ರಿಯವೋ ಹಾಗೆಯೇ ಘಾಟಿಯ ಮೇಲೆ ಹಾಕಿ ಆಟವು ಮನೆಮನೆಯ ಆಟವಾಗಿದೆ. ಈ ಜಿಲ್ಲೆಯು ಭಾರತ ತಂಡಕ್ಕೆ ನೀಡಿದ ಆಟಗಾರರ ಪೈಕಿ ಸೋಮವಾರಪೇಟೆಯ ಶ್ರೀ ಎಸ್.ವಿ. ಸುನಿಲ್ ಅವರು ಪ್ರಮುಖರು. 2007 ರಿಂದ 2021 ರವರೆಗಿನ 14 ವರ್ಷಗಳ ಅವಧಿಯಲ್ಲಿ ಅವರು ಭಾರತದ ಪರವಾಗಿ 264 ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿ 72 ಗೋಲುಗಳನ್ನು ಗಳಿಸಿದ್ದಾರೆ. ಅವರ ಕ್ರೀಡಾ ಜೀವನದ ವಿವರಗಳನ್ನು ಸಾರ್ವಜನಿಕರ ಹಾಗೂ ಕ್ರೀಡಾಸಕ್ತ ವಿದ್ಯಾರ್ಥಿಗಳ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಸೋಮವಾರಪೇಟೆ ವಿಠಲಾಚಾರ್ಯ ಸುನಿಲ್ ಅವರು 1989 ರ ಮೇ 6 ರಂದು ಕೊಡಗು ಜಿಲ್ಲೆಯ ಸೋಮವಾರಪೇಟೆಯಲ್ಲಿ ಜನಿಸಿದರು. ತಂದೆ ಬಡಗಿ ವೃತ್ತಿಯವರು. ಸುನಿಲ್ ಅವರು ಎಳೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಹಾಕಿ ಕೋಲನ್ನು ಕೊಳ್ಳುವ ಅನುಕೂಲ ಮನೆಯಲ್ಲಿ ಇಲ್ಲದಿದ್ದುದರಿಂದ ಆರಂಭದ ದಿನಗಳಲ್ಲಿ ಬಿದಿರಿನ ಕೋಲನ್ನು ಹಿಡಿದು ಆಡುತ್ತಿದ್ದರು.

ಹಿನ್ನೆಲೆ : ಕೊಡಗಿನ ಹಾಕಿ ಪರಂಪರೆ

ಸುನಿಲ್ ಅವರು ಬೆಳೆದ ಪರಿಸರದಲ್ಲಿ ಹಾಕಿಗೆ ವಿಶೇಷ ಸ್ಥಾನವಿದೆ. 1972 ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗಳಿಸಿದ ತಂಡದಲ್ಲಿದ್ದು, 1973 ರ ವಿಶ್ವಕಪ್‌ನಲ್ಲಿ ತಂಡದ ನಾಯಕರಾಗಿ ಬೆಳ್ಳಿಯ ಪದಕ ತಂದ ಶ್ರೀ ಎಂ.ಪಿ. ಗಣೇಶ್, 1975 ರಲ್ಲಿ ವಿಶ್ವಕಪ್ ಗೆದ್ದ ತಂಡದ ಶ್ರೀ ಬಿ.ಪಿ. ಗೋವಿಂದ, 1980 ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಪಡೆದ ತಂಡದ ಶ್ರೀ ಎಂ.ಎಂ. ಸೋಮಯ್ಯ ಹಾಗೂ 2004 ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡಿದ ಶ್ರೀ ಅರ್ಜುನ್ ಹಾಲಪ್ಪ ಅವರು ಈ ಜಿಲ್ಲೆಯ ಮೂಲದವರು. 1997 ರಲ್ಲಿ ಕರಡ ಗ್ರಾಮದಲ್ಲಿ ಶ್ರೀ ಪಾಂಡಂಡ ಕುಟ್ಟಪ್ಪ ಅವರು ಆರಂಭಿಸಿದ ಕೊಡವ ಕುಟುಂಬಗಳ ನಡುವಣ ಹಾಕಿ ಪಂದ್ಯಾವಳಿಯು ಮೊದಲ ವರ್ಷ 60 ಕುಟುಂಬಗಳಿಗೆ ಸೀಮಿತವಾಗಿದ್ದು, ನಂತರದ ವರ್ಷಗಳಲ್ಲಿ 300 ಕ್ಕೂ ಹೆಚ್ಚು ತಂಡಗಳು ಪಾಲ್ಗೊಳ್ಳುವ ಮಟ್ಟಕ್ಕೆ ಬೆಳೆದಿದೆ.

ಅಂತರರಾಷ್ಟ್ರೀಯ ಪಂದ್ಯಗಳಿಗೆ ಪ್ರವೇಶ

2007 ರ ಆಗಸ್ಟ್ ಹಾಗೂ ಸೆಪ್ಟೆಂಬರ್ ತಿಂಗಳುಗಳಲ್ಲಿ ಚೆನ್ನೈನಲ್ಲಿ ನಡೆದ ಏಷ್ಯಾ ಕಪ್ ಪಂದ್ಯಾವಳಿಯ ಮೂಲಕ ಸುನಿಲ್ ಅವರು ಭಾರತ ತಂಡವನ್ನು ಪ್ರವೇಶಿಸಿದರು. ಆಗ ಅವರ ವಯಸ್ಸು 18 ವರ್ಷ. ಅಂತಿಮ ಪಂದ್ಯದಲ್ಲಿ ಭಾರತವು ದಕ್ಷಿಣ ಕೊರಿಯಾ ತಂಡವನ್ನು 7-2 ಗೋಲುಗಳಿಂದ ಸೋಲಿಸಿ ಪ್ರಶಸ್ತಿಯನ್ನು ಉಳಿಸಿಕೊಂಡಿತು.

ಆದರೆ ಇದಾದ ಆರು ತಿಂಗಳಲ್ಲಿಯೇ ಭಾರತದ ಹಾಕಿ ಕ್ರೀಡೆಯು ಅತ್ಯಂತ ಕಷ್ಟದ ಸ್ಥಿತಿಯನ್ನು ತಲುಪಿತು. 2008 ರ ಮಾರ್ಚ್ ತಿಂಗಳಲ್ಲಿ ಚಿಲಿ ದೇಶದ ಸ್ಯಾಂಟಿಯಾಗೋ ನಗರದಲ್ಲಿ ನಡೆದ ಅರ್ಹತಾ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಗ್ರೇಟ್ ಬ್ರಿಟನ್ ತಂಡಕ್ಕೆ 0-2 ಗೋಲುಗಳಿಂದ ಸೋತ ಭಾರತವು ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಲಿಲ್ಲ. 1928 ರ ನಂತರ ಭಾರತದ ಪುರುಷರ ಹಾಕಿ ತಂಡವಿಲ್ಲದೆ ನಡೆದ ಮೊದಲ ಒಲಿಂಪಿಕ್ಸ್ ಅದಾಗಿತ್ತು. ಈ ಹಿನ್ನಡೆಯಿಂದ ಚೇತರಿಸಿಕೊಳ್ಳಲು ಭಾರತ ತಂಡವು ಪಟ್ಟ ಶ್ರಮದ ಅವಧಿ ಹಾಗೂ ಸುನಿಲ್ ಅವರ ಕ್ರೀಡಾ ಜೀವನದ ಅವಧಿ ಬಹುತೇಕ ಒಂದೇ ಆಗಿರುವುದು ಗಮನಾರ್ಹ.

2009 ರ ಸುಲ್ತಾನ್ ಅಜ್ಲಾನ್ ಷಾ ಕಪ್

2009 ರ ಏಪ್ರಿಲ್ ತಿಂಗಳಲ್ಲಿ ಮಲೇಷ್ಯಾದ ಇಪೋ ನಗರದಲ್ಲಿ ಸುಲ್ತಾನ್ ಅಜ್ಲಾನ್ ಷಾ ಕಪ್ ಪಂದ್ಯಾವಳಿ ನಡೆಯಿತು. ಸುನಿಲ್ ಅವರು ತಂಡದೊಂದಿಗೆ ಮಲೇಷ್ಯಾದಲ್ಲಿದ್ದಾಗಲೇ ಅವರ ತಂದೆ ನಿಧನರಾದ ಸುದ್ದಿ ತಲುಪಿತು. ಅವರು ತಂಡದಲ್ಲಿಯೇ ಉಳಿದು ಆಟವನ್ನು ಮುಂದುವರಿಸಿದರು. ಭಾರತವು ಅಂತಿಮ ಪಂದ್ಯದಲ್ಲಿ ಆತಿಥೇಯ ಮಲೇಷ್ಯಾ ತಂಡವನ್ನು 3-1 ಗೋಲುಗಳಿಂದ ಮಣಿಸಿ, 1995 ರ ನಂತರ ಮೊದಲ ಬಾರಿಗೆ ಈ ಕಪ್ಪನ್ನು ಗೆದ್ದಿತು. ಆಗ ಅವರಿಗೆ 20 ವರ್ಷವೂ ತುಂಬಿರಲಿಲ್ಲ.

ಆಟದ ವಿಧಾನ

ಸುನಿಲ್ ಅವರು ಮುನ್ಪಡೆಯ ಆಟಗಾರರು. ಮೈದಾನದ ಬಲ ಅಂಚಿನಲ್ಲಿ ಚೆಂಡನ್ನು ಪಡೆದು, ಎದುರಾಳಿ ರಕ್ಷಣಾ ಆಟಗಾರರನ್ನು ವೇಗದಿಂದ ಹಿಂದಿಕ್ಕಿ ಗೋಲಿನ ಆವರಣವನ್ನು ಪ್ರವೇಶಿಸುವುದು ಅವರ ಆಟದ ಮುಖ್ಯ ಲಕ್ಷಣ. ವಿಶ್ವದ ಅತಿ ವೇಗದ ಮುನ್ಪಡೆ ಆಟಗಾರರಲ್ಲಿ ಒಬ್ಬರೆಂದು ಅವರನ್ನು ಪರಿಗಣಿಸಲಾಗುತ್ತಿತ್ತು.

ಅವರ ಗೋಲುಗಳ ಸಂಖ್ಯೆಯನ್ನು ಅರ್ಥ ಮಾಡಿಕೊಳ್ಳುವಾಗ ಒಂದು ಅಂಶವನ್ನು ಗಮನಿಸಬೇಕಾಗುತ್ತದೆ. ಹಾಕಿಯಲ್ಲಿ ಅತಿ ಹೆಚ್ಚು ಗೋಲು ಗಳಿಸುವವರು ಸಾಮಾನ್ಯವಾಗಿ ಪೆನಾಲ್ಟಿ ಕಾರ್ನರ್ ಹೊಡೆತಗಾರರು. ಸುನಿಲ್ ಅವರ ಕಾಲದ ಭಾರತ ತಂಡದಲ್ಲಿ ಈ ಕೆಲಸವನ್ನು ಸಂದೀಪ್ ಸಿಂಗ್, ಕೊಡಗಿನವರೇ ಆದ ವಿ.ಆರ್. ರಘುನಾಥ್, ರೂಪಿಂದರ್ ಪಾಲ್ ಸಿಂಗ್ ಹಾಗೂ ಹರ್ಮನ್‌ಪ್ರೀತ್ ಸಿಂಗ್ ನಿರ್ವಹಿಸಿದರು. ಚೆಂಡನ್ನು ಆವರಣದೊಳಗೆ ಕೊಂಡೊಯ್ದು ಸಹ ಆಟಗಾರರಿಗೆ ಗೋಲಿನ ಅವಕಾಶ ಅಥವಾ ತಂಡಕ್ಕೆ ಪೆನಾಲ್ಟಿ ಕಾರ್ನರ್ ದೊರಕಿಸಿಕೊಡುವುದು ಸುನಿಲ್ ಅವರಂತಹ ಅಂಚಿನ ಆಟಗಾರರ ಹೊಣೆ. ಇಂತಹ ಶ್ರಮವು ಗೋಲುಗಳ ಪಟ್ಟಿಯಲ್ಲಿ ಕಾಣುವುದಿಲ್ಲ.

ಅವರ ಕಾಲದಲ್ಲಿ ಆಟದ ನಿಯಮಗಳೂ ಬದಲಾದವು. 35 ನಿಮಿಷಗಳ ಎರಡು ಅವಧಿಗಳ ಪಂದ್ಯವು 2014 ರಿಂದ ತಲಾ 15 ನಿಮಿಷಗಳ ನಾಲ್ಕು ಅವಧಿಗಳ ಪಂದ್ಯವಾಯಿತು. ಹೋಸೆ ಬ್ರಾಸಾ, ಮೈಕೆಲ್ ನಾಬ್ಸ್, ಟೆರ್ರಿ ವಾಲ್ಷ್, ರೋಲಂಟ್ ಓಲ್ಟ್‌ಮನ್ಸ್, ಷೋರ್ಡ್ ಮರೈನ್, ಹರೇಂದ್ರ ಸಿಂಗ್, ಗ್ರಹಾಂ ರೀಡ್ ಮೊದಲಾದ ತರಬೇತುದಾರರು ಒಬ್ಬರ ನಂತರ ಒಬ್ಬರಂತೆ ಬಂದರು. ತರಬೇತುದಾರರು ಹಾಗೂ ಆಟದ ಪದ್ಧತಿ ಬದಲಾದರೂ ಸುನಿಲ್ ಅವರು ತಂಡದಲ್ಲಿ ಸ್ಥಾನವನ್ನು ಉಳಿಸಿಕೊಂಡರು.

ಒಲಿಂಪಿಕ್ಸ್ ಕ್ರೀಡಾಕೂಟಗಳು

2011 ರಲ್ಲಿ ಚೀನಾದ ಓರ್ಡೋಸ್ ನಗರದಲ್ಲಿ ನಡೆದ ಮೊದಲ ಏಷ್ಯನ್ ಚಾಂಪಿಯನ್ಸ್ ಟ್ರೋಫಿಯಲ್ಲಿ ಭಾರತವು ಪಾಕಿಸ್ತಾನವನ್ನು ಸೋಲಿಸಿ ಚಿನ್ನ ಗೆದ್ದಿತು. 2012 ರ ಫೆಬ್ರವರಿಯಲ್ಲಿ ನವದೆಹಲಿಯಲ್ಲಿ ನಡೆದ ಅರ್ಹತಾ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಫ್ರಾನ್ಸ್ ತಂಡವನ್ನು 8-1 ಗೋಲುಗಳಿಂದ ಸೋಲಿಸಿ ಒಲಿಂಪಿಕ್ಸ್‌ಗೆ ಮರಳಿತು. ಈ ಎರಡೂ ಸಂದರ್ಭಗಳಲ್ಲಿ ಸುನಿಲ್ ಅವರು ತಂಡದಲ್ಲಿದ್ದರು.

2012 ರ ಲಂಡನ್ ಒಲಿಂಪಿಕ್ಸ್‌ನ ಫಲಿತಾಂಶವು ನಿರಾಶಾದಾಯಕವಾಗಿತ್ತು. ನೀಲಿ ಬಣ್ಣದ ಕೃತಕ ಹಾಸಿನ ಮೇಲೆ ನಡೆದ ಪಂದ್ಯಗಳಲ್ಲಿ ಭಾರತವು ಗುಂಪಿನ ಐದೂ ಪಂದ್ಯಗಳನ್ನು ಸೋತು, 11 ನೆಯ ಸ್ಥಾನಕ್ಕಾಗಿ ದಕ್ಷಿಣ ಆಫ್ರಿಕಾ ವಿರುದ್ಧ ನಡೆದ ಪಂದ್ಯವನ್ನೂ ಕಳೆದುಕೊಂಡು 12 ತಂಡಗಳ ಪೈಕಿ ಕೊನೆಯ ಸ್ಥಾನ ಪಡೆಯಿತು.

2016 ರ ರಿಯೋ ಒಲಿಂಪಿಕ್ಸ್ ಸುನಿಲ್ ಅವರ ಎರಡನೆಯ ಒಲಿಂಪಿಕ್ಸ್. ಗುಂಪಿನ ಹಂತದಲ್ಲಿ ಭಾರತವು, ಮುಂದೆ ಚಿನ್ನದ ಪದಕ ಗೆದ್ದ ಅರ್ಜೆಂಟೀನಾ ತಂಡವನ್ನು 2-1 ಗೋಲುಗಳಿಂದ ಸೋಲಿಸಿತು. ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂ ತಂಡಕ್ಕೆ 1-3 ಗೋಲುಗಳಿಂದ ಸೋತು 8 ನೆಯ ಸ್ಥಾನ ಪಡೆಯಿತು. ಈ ಒಲಿಂಪಿಕ್ಸ್‌ಗೆ ತೆರಳಿದ 16 ಆಟಗಾರರ ತಂಡದಲ್ಲಿ ಸುನಿಲ್, ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ ಹಾಗೂ ನಿಕಿನ್ ತಿಮ್ಮಯ್ಯ ಹೀಗೆ ನಾಲ್ವರು ಕೊಡಗಿನವರಾಗಿದ್ದರು.

ಏಷ್ಯನ್ ಕ್ರೀಡಾಕೂಟ, 2014

ದಕ್ಷಿಣ ಕೊರಿಯಾದ ಇಂಚಾನ್‌ನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಭಾರತ ಹಾಗೂ ಪಾಕಿಸ್ತಾನ ತಂಡಗಳು 1-1 ಗೋಲುಗಳಿಂದ ಸಮಬಲ ಸಾಧಿಸಿದವು. ಪೆನಾಲ್ಟಿ ಶೂಟೌಟ್‌ನಲ್ಲಿ ಭಾರತ 4-2 ರಿಂದ ಜಯ ಗಳಿಸಿತು. 1998 ರ ಬಳಿಕ, ಅಂದರೆ 16 ವರ್ಷಗಳ ನಂತರ ದೊರೆತ ಏಷ್ಯನ್ ಕ್ರೀಡಾಕೂಟದ ಚಿನ್ನ ಇದಾಗಿದ್ದು, ರಿಯೋ ಒಲಿಂಪಿಕ್ಸ್‌ಗೆ ನೇರ ಪ್ರವೇಶವನ್ನೂ ಒದಗಿಸಿತು. ಅದೇ ವರ್ಷ ಗ್ಲಾಸ್ಗೋದಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತವು ಬೆಳ್ಳಿಯ ಪದಕ ಪಡೆದಿತ್ತು. ಎರಡೂ ತಂಡಗಳಲ್ಲಿ ಸುನಿಲ್ ಅವರು ಇದ್ದರು.

ವಿಶ್ವ ಮಟ್ಟದ ಪದಕಗಳು

2015 ರ ಡಿಸೆಂಬರ್‌ನಲ್ಲಿ ರಾಯಪುರದಲ್ಲಿ ನಡೆದ ವಿಶ್ವ ಹಾಕಿ ಲೀಗ್ ಅಂತಿಮ ಸುತ್ತಿನಲ್ಲಿ ಭಾರತವು ನೆದರ್ಲೆಂಡ್ಸ್ ತಂಡವನ್ನು ಶೂಟೌಟ್‌ನಲ್ಲಿ ಸೋಲಿಸಿ ಕಂಚಿನ ಪದಕ ಗಳಿಸಿತು. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ಉನ್ನತ ಮಟ್ಟದ ಪಂದ್ಯಾವಳಿಯೊಂದರಲ್ಲಿ 33 ವರ್ಷಗಳ ನಂತರ ಭಾರತಕ್ಕೆ ದೊರೆತ ಪದಕವಿದು.

2016 ರ ಜೂನ್‌ನಲ್ಲಿ ಲಂಡನ್‌ನಲ್ಲಿ ನಡೆದ ಚಾಂಪಿಯನ್ಸ್ ಟ್ರೋಫಿಯಲ್ಲಿ ಸುನಿಲ್ ಅವರು ತಂಡದ ಉಪನಾಯಕರಾಗಿದ್ದರು. ಭಾರತವು ಮೊದಲ ಬಾರಿಗೆ ಈ ಪಂದ್ಯಾವಳಿಯ ಅಂತಿಮ ಪಂದ್ಯವನ್ನು ತಲುಪಿ, ಆಸ್ಟ್ರೇಲಿಯಾ ವಿರುದ್ಧ ಶೂಟೌಟ್‌ನಲ್ಲಿ ಸೋತು ಬೆಳ್ಳಿಯ ಪದಕ ಪಡೆಯಿತು. ನಾಲ್ಕು ವರ್ಷಗಳ ಹಿಂದೆ ಇದೇ ಲಂಡನ್ ನಗರದಲ್ಲಿ ಕೊನೆಯ ಸ್ಥಾನ ಪಡೆದಿದ್ದ ತಂಡದ ಪ್ರಗತಿಗೆ ಇದು ನಿದರ್ಶನವಾಯಿತು.

2017 ರಲ್ಲಿ ಢಾಕಾದಲ್ಲಿ ನಡೆದ ಏಷ್ಯಾ ಕಪ್‌ನಲ್ಲಿಯೂ ಅವರು ಉಪನಾಯಕರಾಗಿದ್ದರು. ಅಂತಿಮ ಪಂದ್ಯದಲ್ಲಿ ಮಲೇಷ್ಯಾ ತಂಡವನ್ನು 2-1 ಗೋಲುಗಳಿಂದ ಸೋಲಿಸಿದ ಭಾರತವು, 2007 ರ ನಂತರ ಮತ್ತೆ ಏಷ್ಯಾ ಕಪ್ ಪಡೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಭುವನೇಶ್ವರದಲ್ಲಿ ನಡೆದ ವಿಶ್ವ ಹಾಕಿ ಲೀಗ್ ಅಂತಿಮ ಸುತ್ತಿನ ಮೂರನೆಯ ಸ್ಥಾನದ ಪಂದ್ಯದಲ್ಲಿ ಜರ್ಮನಿ ವಿರುದ್ಧ ಭಾರತ 2-1 ರಿಂದ ಗೆದ್ದಾಗ ಮೊದಲ ಗೋಲನ್ನು ಸುನಿಲ್ ಅವರೇ ಗಳಿಸಿದರು.

ಪ್ರಶಸ್ತಿಗಳು

2016 ನೆಯ ಸಾಲಿನ ಏಷ್ಯಾದ ಉತ್ತಮ ಆಟಗಾರ ಗೌರವವನ್ನು ಏಷ್ಯನ್ ಹಾಕಿ ಫೆಡರೇಷನ್ ಸುನಿಲ್ ಅವರಿಗೆ ನೀಡಿತು. 2017 ರಲ್ಲಿ ಭಾರತ ಸರ್ಕಾರವು ಅವರಿಗೆ ಅರ್ಜುನ ಪ್ರಶಸ್ತಿ ನೀಡಿ ಗೌರವಿಸಿತು. 1961 ರಲ್ಲಿ ಸ್ಥಾಪನೆಯಾದ ಈ ಪ್ರಶಸ್ತಿಯನ್ನು ಕ್ರೀಡಾಪಟುವಿನ ಒಂದು ಪಂದ್ಯದ ಸಾಧನೆಗಲ್ಲದೆ, ಹಲವು ವರ್ಷಗಳ ನಿರಂತರ ಉತ್ತಮ ಸಾಧನೆಗಾಗಿ ನೀಡಲಾಗುತ್ತದೆ.

ಗಾಯ, ಮರಳಿಕೆ ಮತ್ತು ನಿವೃತ್ತಿ

2018 ರಲ್ಲಿ ನೆದರ್ಲೆಂಡ್ಸ್‌ನ ಬ್ರೆಡಾದಲ್ಲಿ ಚಾಂಪಿಯನ್ಸ್ ಟ್ರೋಫಿಯ ಬೆಳ್ಳಿ ಹಾಗೂ ಜಕಾರ್ತಾದಲ್ಲಿ ಏಷ್ಯನ್ ಕ್ರೀಡಾಕೂಟದ ಕಂಚು ಭಾರತಕ್ಕೆ ದೊರೆತವು. ಏಷ್ಯನ್ ಕ್ರೀಡಾಕೂಟದ ಚಿನ್ನ ಕೈತಪ್ಪಿದ್ದರಿಂದ ಟೋಕಿಯೋ ಒಲಿಂಪಿಕ್ಸ್‌ಗೆ ನೇರ ಪ್ರವೇಶವೂ ತಪ್ಪಿತು. ಇದರ ಬೆನ್ನಿಗೇ ಸುನಿಲ್ ಅವರು ಮೊಣಕಾಲಿನ ಗಾಯಕ್ಕೆ ಒಳಗಾಗಿ, ಆ ವರ್ಷಾಂತ್ಯದಲ್ಲಿ ಭುವನೇಶ್ವರದಲ್ಲಿ ನಡೆದ ವಿಶ್ವಕಪ್‌ನಲ್ಲಿ ಆಡಲು ಸಾಧ್ಯವಾಗಲಿಲ್ಲ. ವೇಗವನ್ನೇ ನೆಚ್ಚಿದ ಆಟಗಾರನಿಗೆ ಮೊಣಕಾಲಿನ ಗಾಯ ಸಾಮಾನ್ಯ ತೊಂದರೆಯಲ್ಲ. ಆದರೂ ಅವರು 2019 ರಲ್ಲಿ ತಂಡಕ್ಕೆ ಮರಳಿದರು. ಅದೇ ವರ್ಷದ ನವೆಂಬರ್‌ನಲ್ಲಿ ಭುವನೇಶ್ವರದಲ್ಲಿ ರಷ್ಯಾ ತಂಡವನ್ನು 4-2 ಹಾಗೂ 11-1 ಗೋಲುಗಳಿಂದ ಸೋಲಿಸಿ ಟೋಕಿಯೋ ಒಲಿಂಪಿಕ್ಸ್‌ಗೆ ಅರ್ಹತೆ ಗಳಿಸಿದ ತಂಡದಲ್ಲಿ ಅವರಿದ್ದರು.

ಕೋವಿಡ್ ಕಾರಣದಿಂದ ಒಂದು ವರ್ಷ ಮುಂದೂಡಲ್ಪಟ್ಟು 2021 ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ತಂಡಕ್ಕೆ ಸುನಿಲ್ ಅವರು ಆಯ್ಕೆಯಾಗಲಿಲ್ಲ. 2021 ರ ಆಗಸ್ಟ್ 5 ರಂದು ಭಾರತವು ಜರ್ಮನಿಯನ್ನು 5-4 ಗೋಲುಗಳಿಂದ ಸೋಲಿಸಿ, 41 ವರ್ಷಗಳ ನಂತರ ಒಲಿಂಪಿಕ್ಸ್ ಹಾಕಿಯಲ್ಲಿ ಪದಕ ಪಡೆಯಿತು. 2021 ರ ಅಕ್ಟೋಬರ್ 1 ರಂದು ಸುನಿಲ್ ಅವರು ರಾಷ್ಟ್ರೀಯ ತಂಡದಿಂದ ನಿವೃತ್ತಿ ಪ್ರಕಟಿಸಿದರು. ಐವರು ಆಟಗಾರರ ಹಾಕಿ ಪಂದ್ಯಗಳಿಗೆ ತಾವು ಲಭ್ಯವಿರುವುದಾಗಿಯೂ ಆ ಸಂದರ್ಭದಲ್ಲಿ ತಿಳಿಸಿದರು. ಆಗ ಅವರಿಗೆ 32 ವರ್ಷ.

ಸಾಧನೆಯ ಮಹತ್ವ

ಸುನಿಲ್ ಅವರ ಪದಕಗಳ ಪಟ್ಟಿಯಲ್ಲಿ ಒಲಿಂಪಿಕ್ಸ್ ಪದಕವಿಲ್ಲ. ಆದರೆ 2008 ರಲ್ಲಿ ಒಲಿಂಪಿಕ್ಸ್ ಪ್ರವೇಶವನ್ನೇ ಕಳೆದುಕೊಂಡ ತಂಡವು 2021 ರಲ್ಲಿ ಪದಕದ ವೇದಿಕೆಯನ್ನು ಏರಲು ಕ್ರಮಿಸಿದ ದಾರಿಯ ಬಹುತೇಕ ಎಲ್ಲ ಮೆಟ್ಟಿಲುಗಳಲ್ಲಿ ಅವರ ಪಾಲಿದೆ. ಟೋಕಿಯೋದಲ್ಲಿ ಪದಕ ಪಡೆದ ಅನೇಕ ಆಟಗಾರರು ಏಷ್ಯಾ ಕಪ್, ಚಾಂಪಿಯನ್ಸ್ ಟ್ರೋಫಿ ಹಾಗೂ ವಿಶ್ವ ಹಾಕಿ ಲೀಗ್ ಪಂದ್ಯಗಳಲ್ಲಿ ಅವರ ಜೊತೆಯಲ್ಲಿ ಆಡಿ ಬೆಳೆದವರು. ಬಿದಿರಿನ ಕೋಲಿನಿಂದ ಆರಂಭವಾದ ಆಟವೊಂದು 264 ಅಂತರರಾಷ್ಟ್ರೀಯ ಪಂದ್ಯಗಳವರೆಗೆ ಬೆಳೆದ ಬಗೆಯು, ಸೌಲಭ್ಯಗಳ ಕೊರತೆಯ ನಡುವೆಯೂ ಕ್ರೀಡೆಯನ್ನು ಕೈಬಿಡದ ಗ್ರಾಮೀಣ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕವಾಗಿದೆ.

ಸಾಧನೆಗಳ ಪಟ್ಟಿ

1. 2007 – ಏಷ್ಯಾ ಕಪ್, ಚೆನ್ನೈ – ಚಿನ್ನ
2. 2009 – ಸುಲ್ತಾನ್ ಅಜ್ಲಾನ್ ಷಾ ಕಪ್, ಇಪೋ – ಚಿನ್ನ
3. 2011 – ಏಷ್ಯನ್ ಚಾಂಪಿಯನ್ಸ್ ಟ್ರೋಫಿ, ಓರ್ಡೋಸ್ – ಚಿನ್ನ
4. 2012 – ಏಷ್ಯನ್ ಚಾಂಪಿಯನ್ಸ್ ಟ್ರೋಫಿ, ದೋಹಾ – ಬೆಳ್ಳಿ
5. 2014 – ಕಾಮನ್‌ವೆಲ್ತ್ ಕ್ರೀಡಾಕೂಟ, ಗ್ಲಾಸ್ಗೋ – ಬೆಳ್ಳಿ
6. 2014 – ಏಷ್ಯನ್ ಕ್ರೀಡಾಕೂಟ, ಇಂಚಾನ್ – ಚಿನ್ನ
7. 2015 – ವಿಶ್ವ ಹಾಕಿ ಲೀಗ್ ಅಂತಿಮ ಸುತ್ತು, ರಾಯಪುರ – ಕಂಚು
8. 2016 – ಚಾಂಪಿಯನ್ಸ್ ಟ್ರೋಫಿ, ಲಂಡನ್ – ಬೆಳ್ಳಿ
9. 2017 – ಏಷ್ಯಾ ಕಪ್, ಢಾಕಾ – ಚಿನ್ನ
10. 2017 – ವಿಶ್ವ ಹಾಕಿ ಲೀಗ್ ಅಂತಿಮ ಸುತ್ತು, ಭುವನೇಶ್ವರ – ಕಂಚು
11. 2018 – ಚಾಂಪಿಯನ್ಸ್ ಟ್ರೋಫಿ, ಬ್ರೆಡಾ – ಬೆಳ್ಳಿ
12. 2018 – ಏಷ್ಯನ್ ಕ್ರೀಡಾಕೂಟ, ಜಕಾರ್ತಾ – ಕಂಚು

ಒಲಿಂಪಿಕ್ಸ್ ಪ್ರಾತಿನಿಧ್ಯ : ಲಂಡನ್ 2012, ರಿಯೋ 2016
ಒಟ್ಟು ಅಂತರರಾಷ್ಟ್ರೀಯ ಪಂದ್ಯಗಳು : 264
ಒಟ್ಟು ಗೋಲುಗಳು : 72
ಗೌರವಗಳು : ಏಷ್ಯಾದ ಉತ್ತಮ ಆಟಗಾರ (2016), ಅರ್ಜುನ ಪ್ರಶಸ್ತಿ (2017)