ತೂಗುದೀಪದ ಮೇಲೇನಿದೆ? (ಮನೆಯೊಳಗಿನ ಚರಿತ್ರೆ ಸರಣಿ)

1/6
ಗ್ವಾಲಿಯರ್‌ನ ಜೈ ವಿಲಾಸ್ ಅರಮನೆಯಲ್ಲಿ ದೀಪ ತೂಗುಹಾಕೋ ಮೊದಲು ಮಾಡಿನ ಮೇಲೆ ಆನೆಗಳನ್ನ ಹತ್ತಿಸಿದ್ರಂತೆ. ಎಂಟು ಅಂತ ಕೆಲವರು, ಹತ್ತು ಅಂತ ಕೆಲವರು. ಆನೆ ಕಥೆ 3ನೇ ಭಾಗದಲ್ಲಿದೆ, ಅಲ್ಲಿವರೆಗೂ ತಾಳ್ಮೆ ಇರಲಿ.

ಈ ವಾರದ ವಸ್ತು ಶಾಂಡಲಿಯರ್. ಕನ್ನಡದಲ್ಲಿ ತೂಗುದೀಪ. (ಹೌದು, ನಟ ತೂಗುದೀಪ ಶ್ರೀನಿವಾಸ್ ಅವರಿಗೆ ಆ ಹೆಸರು ಬಂದದ್ದು 1966ರ 'ತೂಗುದೀಪ' ಸಿನಿಮಾದಿಂದ. ಕಮೆಂಟಲ್ಲಿ ಯಾರಾದರೂ ಕೇಳೇ ಕೇಳ್ತೀರಿ ಅಂತ ಮೊದಲೇ ಹೇಳಿಬಿಟ್ಟೆ.) ಮದುವೆ ಮನೆಯಲ್ಲಿ, ಹೋಟೆಲಲ್ಲಿ, ಈಗೀಗ ಡ್ಯೂಪ್ಲೆಕ್ಸ್ ಮನೆಗಳ ಹಾಲಲ್ಲಿ ನಾವೆಲ್ಲ ಅದರ ಗಾಜು ನೋಡ್ತೀವಿ, ಫೋಟೋ ತೆಗೀತೀವಿ. ಅದು ಯಾವುದಕ್ಕೆ ನೇತುಹಾಕಿದೆ ಅಂತ ಯಾರೂ ನೋಡಲ್ಲ. ಇವತ್ತಿನ ಕಥೆ ಪೂರ್ತಿ ಆ ಕೊಕ್ಕೆಯದ್ದು.

2/6
ಮೇಣದ ಬತ್ತಿಯ ಕಾಲದಲ್ಲಿ ಶಾಂಡಲಿಯರ್ ಒಂದೇ ಕಡೆ ನೇತಾಡಿಕೊಂಡಿರೋ ವಸ್ತು ಆಗಿರಲಿಲ್ಲ. ಸಂಜೆಯಾದರೆ ಹಗ್ಗ ಸಡಿಲಿಸಿ ಕೆಳಗಿಳಿಸಬೇಕು, ಬತ್ತಿ ಹಚ್ಚಬೇಕು, ಮತ್ತೆ ಮೇಲೇರಿಸಬೇಕು. ಭಾರ ಎತ್ತೋಕೆ ಸುಲಭ ಆಗಲಿ ಅಂತ ದೊಡ್ಡ ದೀಪಗಳಿಗೆ ಹಗ್ಗದ ಇನ್ನೊಂದು ತುದಿಯಲ್ಲಿ ಎದುರುಭಾರ ಕಟ್ಟುತ್ತಿದ್ದರು. ನಮ್ಮ ಹಳ್ಳಿ ಬಾವಿಯ ಏತ ನೋಡಿದೋರಿಗೆ ಇದು ಕೂಡಲೇ ಅರ್ಥ ಆಗುತ್ತೆ: ಒಂದು ಕಡೆ ಬಾನಿ, ಇನ್ನೊಂದು ಕಡೆ ಕಲ್ಲು.

ಇಂಗ್ಲೆಂಡಿನ ಬಾತ್ ಊರಿನ ಅಸೆಂಬ್ಲಿ ರೂಮ್ಸ್‌ನ ನೃತ್ಯಶಾಲೆಗೆ 1771ರಲ್ಲಿ ಜೊನಾಥನ್ ಕಾಲೆಟ್ ಅನ್ನೋನು ಗಾಜಿನ ಶಾಂಡಲಿಯರ್‌ಗಳನ್ನ ಮಾಡಿಕೊಟ್ಟ. ಅದೇ ವರ್ಷ, ಕೆಳಗೆ ಜನ ಇರುವಾಗಲೇ, ಒಂದು ದೀಪದ ತೋಳು ಕಳಚಿ ಬಿತ್ತು. ಕೂದಲೆಳೆಯಲ್ಲಿ ಪಾರಾದವರು ಯಾರು ಗೊತ್ತಾ? ಚಿತ್ರಕಾರ ಥಾಮಸ್ ಗೇನ್ಸ್‌ಬರೋ. ಆಗ ಅವನು ಬಾತ್‌ನಲ್ಲೇ ಇದ್ದ. ಒಂದಡಿ ಆಚೀಚೆ ಆಗಿದ್ದಿದ್ದರೆ ಬ್ರಿಟಿಷ್ ಚಿತ್ರಕಲೆಯ ಪುಸ್ತಕದಲ್ಲಿ ಹಲವು ಪುಟ ಖಾಲಿ ಇರ್ತಿತ್ತು. ಆಮೇಲೆ ಆ ಕೆಲಸ ವಿಲಿಯಂ ಪಾರ್ಕರ್ ಅನ್ನೋ ಇನ್ನೊಬ್ಬನಿಗೆ ಹೋಯಿತು. ಒಂದೊಂದರಲ್ಲೂ 40 ಮೇಣದ ಬತ್ತಿ, ಅಂಥವು ಐದು. ಅವು ಇವತ್ತಿಗೂ ಉಳಿದಿವೆ.

ಸತ್ತೋರಿಲ್ಲ, ಹಾಗಾಗಿ ಇದನ್ನ ತಮಾಷೆಯಾಗಿ ಹೇಳಬಹುದು. 5ನೇ ಭಾಗ ಹಾಗಿಲ್ಲ.

3/6
ಈಗ ಆನೆ.

ಜೈ ವಿಲಾಸ್ ಅರಮನೆ ಕಟ್ಟಿಸಿದ್ದು ಜಯಾಜಿರಾವ್ ಸಿಂಧಿಯಾ, ಮುಗಿದದ್ದು 1874ರಲ್ಲಿ, ವಾಸ್ತುಶಿಲ್ಪಿ ಮೈಕೆಲ್ ಫಿಲೋಸ್. ದರ್ಬಾರ್ ಹಾಲಲ್ಲಿ ಎರಡು ಶಾಂಡಲಿಯರ್, ಒಂದೊಂದು ಸುಮಾರು ಮೂರೂವರೆ ಟನ್. ಅಂದರೆ ಜೋಡಿಗೆ 7 ಟನ್. ಮಾಡು ತಡೆಯುತ್ತಾ ಅಂತ ನೋಡೋಕೆ ಇಳಿಜಾರು ದಾರಿ ಕಟ್ಟಿ ಆನೆಗಳನ್ನ ಮೇಲೆ ಹತ್ತಿಸಿ ನಿಲ್ಲಿಸಿದರು ಅನ್ನೋದು ಅಲ್ಲಿನ ಗೈಡ್‌ಗಳೆಲ್ಲ ಹೇಳೋ ಕಥೆ.

ರಾಜರ ದರ್ಪ ಅಂತ ನಗಬೇಡಿ, ಲೆಕ್ಕ ಹಾಕಿ. ದೊಡ್ಡ ಆನೆ 3ರಿಂದ 4 ಟನ್ ಅನ್ನಿ. ಎಂಟೇ ಆನೆ ಅಂದುಕೊಂಡರೂ 24ರಿಂದ 32 ಟನ್. ದೀಪದ ಭಾರಕ್ಕೆ ಹೆಚ್ಚುಕಡಿಮೆ ನಾಲ್ಕು ಪಟ್ಟು. ಇವತ್ತು ದೀಪಗಳಿಗಿರೋ ಅಂತರರಾಷ್ಟ್ರೀಯ ಮಾನದಂಡ ಐಇಸಿ 60598ರಲ್ಲಿ ತೂಗುದೀಪದ ನೇತುಕಟ್ಟಿಗೆ ಏನು ಪರೀಕ್ಷೆ ಗೊತ್ತಾ? ದೀಪದ ತೂಕದ ನಾಲ್ಕು ಪಟ್ಟು ಭಾರ ಹಾಕಿ ಒಂದು ಗಂಟೆ ಬಿಡಬೇಕು. ಮಾವುತರಿಗೆ ಮಾನದಂಡ ಗೊತ್ತಿತ್ತು ಅಂತ ನಾನು ಹೇಳ್ತಿಲ್ಲ, ಆದರೆ ಲೆಕ್ಕ ಚೆನ್ನಾಗಿ ಕೂಡಿಬಂದಿದೆ.

ಒಂದು ತಕರಾರು ಮಾತ್ರ ಇದೆ. ಆನೆ ನಾಲ್ಕು ಕಾಲ ಮೇಲೆ ನಿಲ್ಲುತ್ತೆ, ಎಂಟು ಆನೆ ಮಾಡಿನ ತುಂಬ ಹರಡಿಕೊಳ್ತವೆ. ಶಾಂಡಲಿಯರ್ ಒಂದೇ ಬಿಂದುವಿನಿಂದ ಜಗ್ಗುತ್ತೆ. ಮಾಡು ಗಟ್ಟಿ ಅಂತ ಆನೆ ಹೇಳಬಹುದು, ಕೊಕ್ಕೆ ಗಟ್ಟಿಯಾ ಅಂತ ಹೇಳೋಕಾಗಲ್ಲ. (ಸಿವಿಲ್ ಓದ್ತಿರೋರು ಕಮೆಂಟಲ್ಲಿ ಜಗಳ ಆಡಬಹುದು, ಸ್ವಾಗತ.)

4/6
ನಮ್ಮ ಕಡೆ ಬರೋಣ. 1902ರಲ್ಲಿ ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ. 1897ರ ಬೆಂಕಿಯಲ್ಲಿ ಸುಟ್ಟ ಮರದ ಅರಮನೆಯ ಜಾಗದಲ್ಲಿ ಹೊಸ ಅರಮನೆ ಮುಗಿದದ್ದು 1912ರಲ್ಲಿ. ಅಷ್ಟರಲ್ಲಿ ಊರಿಗೆ ಕರೆಂಟ್ ಬಂದಾಗಿತ್ತು. ಕಲ್ಯಾಣ ಮಂಟಪದ ನವಿಲಿನ ಗಾಜಿನ ಚಿತ್ತಾರದ ಕೆಳಗೆ ಕತ್ತು ನೋಯೋವರೆಗೂ ಮೇಲೆ ನೋಡಿದ್ದೀರಲ್ವಾ, ಅದು ಸ್ವಿಚ್ ಒತ್ತಿದರೆ ಬೆಳಗೋ ಕಾಲದ ಕಟ್ಟಡ.

ಸ್ವಿಚ್ ಬಂದದ್ದು ಒಳ್ಳೇದೇ. ಹೊಗೆ ಇಲ್ಲ, ಬೆಂಕಿ ಭಯ ಕಮ್ಮಿ, ತಲೆ ಮೇಲೆ ಮೇಣ ಹನಿಯಲ್ಲ. ಆದರೆ ಒಂದು ವಿಷಯ ಸದ್ದಿಲ್ಲದೆ ತಪ್ಪಿಹೋಯಿತು. ದೀಪವನ್ನ ದಿನಾ ಇಳಿಸೋನು ದಿನಾ ಹಗ್ಗ ಮುಟ್ಟುತ್ತಿದ್ದ. ಎಳೆ ಸವೆದಿದ್ದರೆ ಕೈಗೆ ಗೊತ್ತಾಗ್ತಿತ್ತು, ರಾಟೆ ಕಿರುಗುಟ್ಟಿದರೆ ಕಿವಿಗೆ ಗೊತ್ತಾಗ್ತಿತ್ತು. ದೇವಸ್ಥಾನದ ತೂಗುದೀಪ ನೋಡಿ, ಎಣ್ಣೆ ಹಾಕೋ ಅರ್ಚಕರು ಸರಪಳಿ ಮುಟ್ಟದೆ ಇರೋಕೇ ಆಗಲ್ಲ. ಕರೆಂಟ್ ದೀಪ ಒಮ್ಮೆ ಮೇಲೇರಿದರೆ ಮುಗೀತು. ಅದನ್ನ ಹಿಡಿದಿರೋ ಕಬ್ಬಿಣವನ್ನ ಇಪ್ಪತ್ತು ವರ್ಷ ಒಬ್ಬರೂ ನೋಡದೆ ಇರಬಹುದು.

5/6
ಪ್ಯಾರಿಸ್, 20 ಮೇ 1896. ಒಪೆರಾ ಗಾರ್ನಿಯೇ. 1875ರಲ್ಲಿ ತೆರೆದ ಈ ರಂಗಮಂದಿರದ ಶಾಂಡಲಿಯರ್ 7 ಟನ್ನಿನದ್ದು. ಮೊದಲು ಗ್ಯಾಸ್ ದೀಪ, ಆಮೇಲೆ ಕರೆಂಟ್. ಒರೆಸಬೇಕಾದಾಗ ಅದನ್ನ ಕೆಳಗಿಳಿಸ್ತಿರಲಿಲ್ಲ, ಮೇಲಕ್ಕೆಳೆದು ಗುಮ್ಮಟದೊಳಗೆ ತಗೊಂಡು ಹೋಗ್ತಿದ್ದರು. ಅದಕ್ಕೇ ಮೇಲೆ ಎದುರುಭಾರದ ತುಂಡುಗಳು, ಉಕ್ಕಿನ ಹಗ್ಗಗಳು.

ಆ ಸಂಜೆ ಸಂಗೀತ ನಡೀತಿದ್ದಾಗ ವಿದ್ಯುತ್ ತಂತಿಯ ಶಾಖಕ್ಕೆ ಒಂದು ಉಕ್ಕಿನ ಹಗ್ಗ ತುಂಡಾಯಿತು. ನೂರಾರು ಕೆಜಿಯ ಎದುರುಭಾರ ಚಾವಣಿ ಸೀಳಿಕೊಂಡು ಮೇಲಿನ ಅಗ್ಗದ ಸೀಟುಗಳ ಮೇಲೆ ಬಿತ್ತು. ಒಬ್ಬ ಹೆಂಗಸು ತೀರಿಕೊಂಡರು. ಹೆಸರು ಮದಾಮ್ ಶೋಮೆಟ್. ಕಟ್ಟಡವೊಂದರ ಬಾಗಿಲು ಕಾಯೋ ಕೆಲಸ ಮಾಡ್ತಿದ್ದೋರು, ಸಂಗೀತ ಕೇಳೋಕೆ ಬಂದಿದ್ದರು.

ಗಾಸ್ತೋ ಲೆರೂ 1910ರ ತನ್ನ 'ದಿ ಫ್ಯಾಂಟಮ್ ಆಫ್ ದಿ ಒಪೆರಾ' ಕಾದಂಬರಿಯಲ್ಲಿ ಇದನ್ನ ಬಳಸಿಕೊಂಡ. ಅಲ್ಲಿ ಇಡೀ ಶಾಂಡಲಿಯರ್ ಬೀಳುತ್ತೆ, ಭೂತದ ಕೈವಾಡ ಇರುತ್ತೆ. ನಿಜವಾಗಿ ಶಾಂಡಲಿಯರ್ ಬೀಳಲೇ ಇಲ್ಲ, ಇವತ್ತೂ ಅಲ್ಲೇ ಇದೆ. ಬಿದ್ದದ್ದು ಯಾರ ಕಣ್ಣಿಗೂ ಕಾಣದಿದ್ದ ಎದುರುಭಾರ. ಭೂತ ಜಗತ್ತಿಗೆಲ್ಲ ಗೊತ್ತು, ಸಿನಿಮಾ ಆಯಿತು, ನಾಟಕ ಆಯಿತು. ಶೋಮೆಟ್ ಹೆಸರು ಎಷ್ಟು ಜನರಿಗೆ ಗೊತ್ತು? ನನಗೆ ಇದು ಸಿಟ್ಟು ಬರಿಸುತ್ತೆ.

6/6
ಇದೆಲ್ಲ ಅರಮನೆ, ಒಪೆರಾದವರ ಕಥೆ, ನಮಗೇನು ಅಂತೀರಾ? ಇತ್ತೀಚೆಗೆ ನಮ್ಮ ದೊಡ್ಡಪ್ಪನ ಹೊಸ ಮನೆಗೆ 31 ಕೆಜಿಯ ಶಾಂಡಲಿಯರ್ ಬಂತು. ಮೊದಲು ಬಂದ ಎಲೆಕ್ಟ್ರಿಷಿಯನ್ "ಫ್ಯಾನ್ ಹುಕ್ ಇದೆಯಲ್ಲ ಸರ್, ಏನೂ ಆಗಲ್ಲ" ಅಂದ. ಫ್ಯಾನ್ ತೂಕ ನಾಲ್ಕೈದು ಕೆಜಿ! ಹಾಲಲ್ಲಿ ಫಾಲ್ಸ್ ಸೀಲಿಂಗ್ ಬೇರೆ. ಜಿಪ್ಸಮ್ ಹಲಗೆ ನೋಡೋಕೆ ಮಾಡಿನ ಹಾಗೇ ಇರುತ್ತೆ, ಆದರೆ ಅದಕ್ಕೆ ತನ್ನ ಭಾರ ಹೊತ್ತರೇ ಸಾಕಾಗಿರುತ್ತೆ. ಗೃಹಪ್ರವೇಶದ ಹೋಮಕ್ಕೆ ಎಲ್ಲರೂ ಕೂರಬೇಕಾದದ್ದು ಅದರ ಕೆಳಗೇ.

ಅಣ್ಣ ಹಟ ಹಿಡಿದು ಇದೇ ಕೆಲಸ ಮಾಡೋ ಇನ್ನೊಬ್ಬರನ್ನ ಕರೆಸಿದ. ವಯಸ್ಸಾದೋರು, ಮಾತು ಕಮ್ಮಿ. ಜಿಪ್ಸಮ್ ಕೊರೆದು, ಮೇಲಿನ ಆರ್‌ಸಿಸಿ ಮೋಲ್ಡಿಗೇ ಆಂಕರ್ ಬೋಲ್ಟ್ ಹೊಡೆದು ಕಬ್ಬಿಣದ ಪಟ್ಟಿ ಕೂರಿಸಿದರು. ಆಮೇಲೆ ದೀಪ ನೇತುಹಾಕಲಿಲ್ಲ! ಎರಡು ಸಿಮೆಂಟ್ ಮೂಟೆ, ಗೃಹಪ್ರವೇಶಕ್ಕೆ ತಂದಿದ್ದ 25 ಕೆಜಿ ಅಕ್ಕಿ ಮೂಟೆ ಒಟ್ಟಿಗೆ ಕಟ್ಟಿ ಕೊಕ್ಕೆಗೆ ತೂಗಿಬಿಟ್ಟು, ಕೆಳಗೆ ಯಾರೂ ಹೋಗಬೇಡಿ ಅಂತ ಹೇಳಿ ಟೀ ಕುಡಿಯೋಕೆ ಹೋದರು. 125 ಕೆಜಿ, ಒಂದು ಗಂಟೆ. ಲೆಕ್ಕ ನೀವೇ ಮಾಡಿಕೊಳ್ಳಿ. "ಅಕ್ಕಿನ ಯಾಕಪ್ಪಾ ನೇಣು ಹಾಕಿದ್ದೀರಿ" ಅಂತ ದೊಡ್ಡಮ್ಮ ಬೈದದ್ದು ಬೇರೆ.

ಎಂಸಿಬಿ ಇಳಿಸಿಯೇ ವೈರ್ ಮುಟ್ಟಿದರು. ಭಾರವೆಲ್ಲ ಸರಪಳಿ ಮೇಲೆ, ಕರೆಂಟ್ ವೈರ್ ಪಕ್ಕದಲ್ಲಿ ಸಡಿಲವಾಗಿ ಬರೋ ಹಾಗೆ ಬಿಟ್ಟರು. ಸರಪಳಿ ಜೊತೆಗೆ ಇನ್ನೊಂದು ಉಕ್ಕಿನ ತಂತಿ, ಒಂದು ಕೈಕೊಟ್ಟರೆ ಇನ್ನೊಂದು ಹಿಡೀಲಿ ಅಂತ. ಅರ್ಥಿಂಗ್ ಕೊಟ್ಟರು, ಲೋಹದ ಮೈ ಅಲ್ವಾ. ಕೊನೆಗೆ ಫಾಲ್ಸ್ ಸೀಲಿಂಗಲ್ಲಿ ಊಟದ ತಟ್ಟೆಯಷ್ಟು ಅಗಲದ ಮುಚ್ಚಳ ಬಿಟ್ಟರು, ವರ್ಷಕ್ಕೊಮ್ಮೆ ಏಣಿ ಹಾಕಿ ಬೋಲ್ಟ್ ನೋಡೋಕೆ. ಆ ಮುಚ್ಚಳದಿಂದ ಸೀಲಿಂಗ್ ಅಂದ ಕೆಟ್ಟಿತು ಅಂತ ದೊಡ್ಡಪ್ಪ ಇನ್ನೂ ಗೊಣಗ್ತಾನೇ ಇದ್ದಾರೆ.

ಮುಂದಿನ ಭಾನುವಾರ: ಗೋಡೆ ಗಡಿಯಾರ.

#ಮನೆಯೊಳಗಿನಚರಿತ್ರೆ #ತೂಗುದೀಪ