ಕೆರೆಯ ಕೋಡಿಯೂ ನೀರಿನ ಗಣಿತವೂ

ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದುದು ಶರಣಬಂಧುಗಳಿಗೆ ವಿದಿತವೇ ಇದೆ. ಕೆರೆಯನ್ನು ಕಟ್ಟುವುದಕ್ಕಿಂತಲೂ ಒಡೆಯದಂತೆ ಕಾಯುವುದು ಕಷ್ಟತರವು. ಮಣ್ಣಿನ ಏರಿಯ ಮೇಲೆ ನೀರು ಹರಿಯಿತೆಂದರೆ ಏರಿ ಕೊರೆದುಹೋಗುವುದು. ಕೆಳಗಿನ ಗದ್ದೆ, ಮನೆ, ದನಕರುಗಳೆಲ್ಲ ಪ್ರವಾಹದ ಪಾಲು. ಆದಕಾರಣ ಕೋಡಿಯ ಅಗಲವೆಷ್ಟಿರಬೇಕೆಂಬುದೇ ಪ್ರಾಣಪ್ರಶ್ನೆ.

ಇದರಲ್ಲಿ ಎರಡು ಲೆಕ್ಕಗಳಡಗಿವೆ. ಬಿದ್ದ ಮಳೆಯಲ್ಲಿ ಎಷ್ಟು ನೀರು ಎಷ್ಟು ಹೊತ್ತಿಗೆ ಬಂದೀತೆಂಬುದೊಂದು. ಬಂದ ನೀರು ಕೋಡಿಯಲ್ಲಿ ಎಷ್ಟೆತ್ತರ ಹರಿದೀತೆಂಬುದಿನ್ನೊಂದು. ಮೊದಲನೆಯದಕ್ಕೆ ಐರ್ಲೆಂಡಿನ ಮಲ್ವೇನಿಯು 1851ರಲ್ಲಿ ಸೂತ್ರವೊಂದನ್ನು ತೋರಿಸಿದನು: ಒಂದೇ ಸಮನೆ ಸುರಿಯುವ ಮಳೆಯಲ್ಲಿ, ಅತಿದೂರದ ಹನಿಯೂ ಬಂದು ಸೇರಿದಾಗ ಪ್ರವಾಹವು ಶಿಖರವನ್ನು ಮುಟ್ಟುವುದು. ನಮ್ಮ ಹಳ್ಳಿಯ ಒಕ್ಕಲಿಗನಿಗೂ ತಿಳಿಯುವ ಮಾತಿದು! ಎರಡನೆಯದಕ್ಕೆ ಕಿರುಮಾದರಿಗಳುಂಟು. 1916ರಲ್ಲಿ ಮುಂಬಯಿ ಪ್ರಾಂತದಲ್ಲಿ ಆರಂಭವಾಗಿ ಮುಂದೆ ಪುಣೆಯ ಬಳಿಯ ಖಡಕವಾಸಲಾದಲ್ಲಿ ನೆಲೆನಿಂತ ಸಂಶೋಧನಾ ಕೇಂದ್ರದಲ್ಲಿ ನದಿ, ಅಣೆಕಟ್ಟುಗಳ ಪ್ರತಿರೂಪಗಳನ್ನು ರಚಿಸಿ ನೀರು ಹರಿಸಿ ನೋಡುವರು. ಉದ್ದವನ್ನು 25ರಲ್ಲೊಂದು ಪಾಲಾಗಿಸಿದರೆ ನೀರಿನ ವೇಗವು 5ರಲ್ಲೊಂದು ಪಾಲಾಗುವುದೆಂಬುದು ಅಲ್ಲಿಯ ನಿಯಮ.

ಇಂದು ಗಣಕಯಂತ್ರವು ಎರಡು ಲೆಕ್ಕಗಳನ್ನೂ ಕ್ಷಣದಲ್ಲಿ ಮಾಡುವುದು. ಆದರೆ ಕೋಡಿಹಳ್ಳವನ್ನು ಒತ್ತಿ ಮನೆ ಕಟ್ಟಿದ್ದನ್ನು ಅದಕ್ಕೆ ತಿಳಿಸದಿದ್ದರೆ ಉತ್ತರವು ಸುಳ್ಳಾಗುವುದು. ಅದಕ್ಕೆಂದೇ ಎಂಜಿನಿಯರರು ಊರ ಹಿರಿಯರನ್ನು ಕಂಡು, ಹಿಂದಿನ ನೆರೆ ಯಾವ ಗೋಡೆಯವರೆಗೆ ಏರಿತ್ತೆಂದು ಕೇಳಿ ಬರೆದುಕೊಳ್ಳುವರು.